ಅಗ್ಗ ಎಂಬ ಎರಡಕ್ಷರ

ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ನಾನೊಂದು ಬರಹ ಬರೆದಿದ್ದೆ. ‘ಹೊಲದ ಮಣ್ಣೇ ನೀರಿನ ಮದ್ದು’ ಅಂತ ತಲೆಬರಹ. ಜೇಡಿಮಣ್ಣಿನಿಂದ ನ್ಯಾನೊ ಪುಡಿ ಮಾಡಿ, ಅದಕ್ಕೆ ಕುಡಿಯುವ ನೀರಿನ ಫ್ಲೋರೈಡನ್ನು ಹೀರಿಸಿದ ಒಂದು ಸಂಶೋಧನೆಯ ಸುದ್ದಿ ಅದು. ‘ಅಗ್ಗ’, ‘ಹೇರಳ’, ‘ನೈಸರ್ಗಿಕ’ ಎಂಬ ಮೂರು ಮಾತು ಮೂಲ ಪ್ರಬಂಧದಲ್ಲಿದ್ದವು. ನಾನು ಅವಕ್ಕೆ ಇನ್ನಷ್ಟು ಅರಿಶಿನ ಕುಂಕುಮ ಹಚ್ಚಿ ಕನ್ನಡಕ್ಕೆ ತಂದಿದ್ದೆ. ಚೆನ್ನಾಗಿದೆ ಅಂತ ನಾಲ್ಕು ಜನ ಅಂದರು. ನಾನೂ ಮರೆತೆ.

ಮೊನ್ನೆ ಪಾವಗಡದ ಕಡೆಯಿಂದ ಒಬ್ಬರು ಫೋನು ಮಾಡಿದರು. ನಿವೃತ್ತ ಮೇಷ್ಟ್ರು. ಆ ಬರಹವನ್ನು ಯಾರೋ ಅವರಿಗೆ ಈಗ ಓದಿಸಿದ್ದರಂತೆ. ಹೊಗಳಿಕೆಗೆ ಹೋಗದೆ ನೇರವಾಗಿ ಕೇಳಿದರು: “ಸಾರ್, ಆ ಪುಡಿ ಎಲ್ಲಿ ಸಿಗುತ್ತೆ? ಕೆಜಿಗೆ ಎಷ್ಟಾಗುತ್ತೆ?”

“ಅದಿನ್ನೂ ಪ್ರಯೋಗಾಲಯದಲ್ಲಿದೆ ಮೇಷ್ಟ್ರೇ” ಅಂದೆ.

“ಅಗ್ಗ ಅಂತ ಬರೆದಿದ್ದೀರಲ್ಲ ಸಾರ್. ಮಾರಾಟಕ್ಕೇ ಬರದೆ ಇರೋದು ಅಗ್ಗ ಅಂತ ಹೆಂಗೆ ಗೊತ್ತಾಯ್ತು?”

ಕೊಂಕಿರಲಿಲ್ಲ ಆ ಮಾತಿನಲ್ಲಿ. ಐದನೇ ಕ್ಲಾಸಿನ ಹುಡುಗನಿಗೆ ಲೆಕ್ಕದ ಹಂತ ಬಿಟ್ಟುಹೋಗಿದೆ ಅಂತ ತೋರಿಸುವ ದನಿ. ನನ್ನ ಬಳಿ ಉತ್ತರ ಇರಲಿಲ್ಲ. ವಿಚಾರಿಸಿ ಹೇಳ್ತೀನಿ ಅಂತ ಇಟ್ಟುಬಿಟ್ಟೆ.

ಆಮೇಲೆ ಆ ಪ್ರಬಂಧವನ್ನು ಹುಡುಕಿ ತೆಗೆದು ಮತ್ತೆ ಓದಿದೆ. ಎಲ್ಲಿಯದು, ಯಾರದು ಅಂತ ಹೇಳುವುದಿಲ್ಲ, ಯಾಕೆಂದರೆ ತಪ್ಪು ಅವರಿಗಿಂತ ನನ್ನದು ದೊಡ್ಡದು. ಶೀರ್ಷಿಕೆಯಲ್ಲಿ ಒಂದು ‘ಅಗ್ಗ’, ಸಾರಾಂಶದಲ್ಲಿ ಒಂದು, ಮುಕ್ತಾಯದಲ್ಲಿ ಇನ್ನೊಂದು. ರೂಪಾಯಿಯ ಗುರುತಾಗಲಿ ಡಾಲರಿನ ಗುರುತಾಗಲಿ ಆ ಹನ್ನೆರಡು ಪುಟದಲ್ಲಿ ಎಲ್ಲೂ ಇರಲಿಲ್ಲ. ಅದೇ ಜಾತಿಯ ಇನ್ನೂ ಹತ್ತು ಹದಿನೈದು ಪ್ರಬಂಧ ತೆಗೆದು ನೋಡಿದೆ. ಬಹುಪಾಲು ಅದೇ ಕತೆ. ಇವತ್ತಿನ ಬರಹ ಆ ಎರಡಕ್ಷರದ ವಿಮರ್ಶೆ. ಅದನ್ನು ಬರೆದವರ ಜೊತೆಗೆ, ಹಾಗೇ ಎತ್ತಿ ಕನ್ನಡದಲ್ಲಿಟ್ಟ ನನ್ನಂಥವರಿಗೂ ಸೇರಿಸಿ.

*

ಮೊದಲು ವಿಷಯ ಏನು ಅಂತ ಸ್ವಲ್ಪ ನೋಡೋಣ. ಒಂದು ನ್ಯಾನೊಮೀಟರ್ ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಉದ್ದ, ಅಗಲ, ದಪ್ಪ ಇವುಗಳಲ್ಲಿ ಒಂದಾದರೂ ಸುಮಾರು 100 ನ್ಯಾನೊಮೀಟರಿನ ಒಳಗಿದ್ದರೆ ಅದನ್ನು ನ್ಯಾನೊ ವಸ್ತು ಅನ್ನುತ್ತಾರೆ. ಇಂಥದ್ದನ್ನು ಶುದ್ಧ ರಾಸಾಯನಿಕಗಳಿಂದ ಕಟ್ಟಿಕೊಂಡು ಹೋಗುವುದು ದುಬಾರಿ ಕೆಲಸ. ಅದರ ಬದಲು ನೆಲದಲ್ಲಿ ಪುಕ್ಕಟೆಯಾಗಿ ಬಿದ್ದಿರುವ ಜೇಡಿ, ಗ್ರಾಫೈಟು, ಮರಳು, ಕಬ್ಬಿಣದ ಅದಿರು ಇವನ್ನೇ ಬಿಡಿಸಿ ನ್ಯಾನೊ ಮಾಡಿಕೊಳ್ಳಬಾರದೇಕೆ ಅನ್ನುವುದು ಈ ಸಂಶೋಧನೆಗಳ ಹಿಂದಿರುವ ಆಸೆ. ಆಸೆ ಸುಳ್ಳಲ್ಲ. ಕೆಲವು ಖನಿಜಗಳಲ್ಲಿ ಪ್ರಕೃತಿಯೇ ಆ ಕೆಲಸವನ್ನು ಮುಕ್ಕಾಲು ಪಾಲು ಮಾಡಿಟ್ಟಿದೆ.

ಎರೆಹೊಲ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು. ಮಳೆ ಬಿದ್ದರೆ ಅದೇ ನೆಲ ಉಬ್ಬಿ, ಬಿರುಕು ಮುಚ್ಚಿ, ಚಕ್ಕಡಿಯ ಗಾಲಿ ಹೂತುಕೊಳ್ಳುತ್ತದೆ. ಅದರ ಮೇಲೆ ಕಟ್ಟಿದ ಮನೆಯ ಗೋಡೆ ಸೀಳುತ್ತದೆ. ಈ ಚೇಷ್ಟೆಗೆಲ್ಲ ಮುಖ್ಯ ಕಾರಣ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ. ಅದರ ಒಂದೊಂದು ಕಣವೂ ಪುಸ್ತಕದ ಹಾಗೆ, ಹಾಳೆಯ ಮೇಲೆ ಹಾಳೆ. ಒಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್. ಹಾಳೆಗಳ ನಡುವೆ ಸೋಡಿಯಮ್ಮೋ ಕ್ಯಾಲ್ಸಿಯಮ್ಮೋ ಕೂತಿರುತ್ತದೆ, ಅದನ್ನು ಹುಡುಕಿಕೊಂಡು ನೀರು ಒಳಗೆ ನುಗ್ಗುತ್ತದೆ, ಹಾಳೆಗಳು ದೂರ ಸರಿಯುತ್ತವೆ, ನೆಲ ಉಬ್ಬುತ್ತದೆ. ಹಾಳೆಗಳನ್ನೆಲ್ಲ ಪೂರ್ತಿ ಬಿಡಿಸಿ ಹಾಸಿದರೆ ಒಂದು ಗ್ರಾಂ ಜೇಡಿಯ ಮೇಲ್ಮೈ 700 ಚದರ ಮೀಟರನ್ನು ದಾಟುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳಬೇಕೆಂದರೆ ಒಂದು ಚಿಟಿಕೆ ಮಣ್ಣಿನಲ್ಲಿ ತರ್ಟಿ ಫಾರ್ಟಿಯ ಆರು ಸೈಟು!

ಇದೇ ಜೇಡಿ ಹೆಚ್ಚಾಗಿರುವ ಬೆಂಟೊನೈಟನ್ನು ಕಛ್‌ನಲ್ಲಿ, ಬಾಡಮೇರಿನಲ್ಲಿ ಟನ್ನುಗಟ್ಟಲೆ ಅಗೆಯುತ್ತಾರೆ. ಆಳವಾದ ಅಡಿಪಾಯ ಕೊರೆಯುವಾಗ ಗುಂಡಿಯ ಅಂಚು ಕುಸಿಯದಂತೆ ಸುರಿಯುವ ಕೆಸರು ಇದೇ. ಅಲ್ಲಿ ಅದು ನಿಜಕ್ಕೂ ಅಗ್ಗ. ಪ್ರಶ್ನೆ ಹುಟ್ಟುವುದು ಅದನ್ನು ನ್ಯಾನೊ ಅಂತ ಕರೆಯಲು ಶುರುಮಾಡಿದ ಮೇಲೆ.

*

ಗೆದ್ದ ಕತೆಯನ್ನೇ ಮೊದಲು ಹೇಳುತ್ತೇನೆ. ಜಪಾನಿನ ಟೊಯೊಟಾ ಕಂಪನಿಯ ಸಂಶೋಧನಾಲಯದವರು 1980ರ ದಶಕದಲ್ಲಿ ಮಾಂಟ್‌ಮೊರಿಲೊನೈಟಿನ ಹಾಳೆಗಳನ್ನು ನೈಲಾನಿನ ಒಳಗೆ ಬಿಡಿಸಿ ಹರಡುವ ಉಪಾಯ ಕಂಡುಕೊಂಡರು. ಹಾಕಿದ ಜೇಡಿ ನೂರಕ್ಕೆ ಐದು ಪಾಲಿಗಿಂತ ಕಡಿಮೆ. ಬರೀ ನೈಲಾನು 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಭಾರಕ್ಕೆ ಬಾಗುತ್ತಿತ್ತು. ಜೇಡಿ ಬೆರೆಸಿದ್ದು 140 ಡಿಗ್ರಿ ದಾಟುವವರೆಗೂ ನೆಟ್ಟಗಿತ್ತು. 1990ರ ದಶಕದ ಆರಂಭದಲ್ಲಿ ಅದು ಕಾರಿನ ಎಂಜಿನ್ನಿನ ಟೈಮಿಂಗ್ ಬೆಲ್ಟಿನ ಮುಚ್ಚಳವಾಗಿ ಮಾರುಕಟ್ಟೆಗೂ ಬಂತು. ಖನಿಜದಿಂದ ನ್ಯಾನೊ ಅನ್ನುವ ಕ್ಷೇತ್ರದಲ್ಲಿ ಎಲ್ಲರೂ ಉದಾಹರಿಸುವ ಕತೆ ಇದು.

ಅದು ಗೆದ್ದದ್ದು ಯಾಕೆ ಅಂತ ಯೋಚಿಸಿದರೆ ‘ಮಣ್ಣು ಅಗ್ಗ’ ಅನ್ನುವುದು ಕಾರಣಗಳ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಜೇಡಿಯ ಹಾಳೆ ನೀರನ್ನು ಪ್ರೀತಿಸುತ್ತದೆ, ಪ್ಲಾಸ್ಟಿಕ್ಕಿನ ಜೊತೆ ಸೇರುವುದಿಲ್ಲ. ಹಾಗಾಗಿ ನಡುವಿನ ಸೋಡಿಯಂ ತೆಗೆದು ಅಲ್ಲಿ ಉದ್ದ ಬಾಲದ ಸಾವಯವ ಅಣುವೊಂದನ್ನು ಕೂರಿಸಬೇಕಾಯಿತು. ಅದಕ್ಕೂ ಮೊದಲು ಮರಳು, ಕಬ್ಬಿಣದ ಕಲ್ಮಶ ತೆಗೆದು ಜೇಡಿಯನ್ನು ಶುದ್ಧ ಮಾಡಬೇಕಾಯಿತು. ಖರ್ಚೆಲ್ಲ ಇಲ್ಲಿದೆ. ಗಣಿಯ ಬೆಂಟೊನೈಟಿಗೂ ಹೀಗೆ ಪಳಗಿಸಿದ ನ್ಯಾನೊ ಜೇಡಿಗೂ ಬೆಲೆಯಲ್ಲಿ ಹಲವು ಪಟ್ಟು ಅಂತರ. ಆದರೂ ಲೆಕ್ಕ ಕೂಡಿತು, ಯಾಕೆಂದರೆ ಬೇಕಾದದ್ದು ಐದು ಪಾಲಿನೊಳಗೆ, ಲೋಹದ ಬದಲು ಹಗುರ ವಸ್ತು ಸಿಕ್ಕಿದ್ದು ಲಾಭ, ಮತ್ತು ಕೊಳ್ಳುವವನು ಕಾರು ಮಾಡುವವನು. ಟೊಯೊಟಾದವರು ಮಣ್ಣನ್ನು ಅಗ್ಗ ಅಂತ ಆರಿಸಲಿಲ್ಲ, ಆ ಹಾಳೆಯ ಗುಣಕ್ಕಾಗಿ ಆರಿಸಿದರು. ಈ ವ್ಯತ್ಯಾಸ ನನ್ನ ಹಳೆಯ ಬರಹಕ್ಕೆ ಹೊಳೆದಿರಲಿಲ್ಲ.

*

ಈಗ ಗ್ರಾಫೈಟಿನ ಕಡೆ ಬನ್ನಿ. ಪೆನ್ಸಿಲ್ಲಿನ ಒಳಗಿನ ಕಪ್ಪು ಕಡ್ಡಿ. ಇದೂ ಹಾಳೆಯ ಮೇಲೆ ಹಾಳೆ, ಒಂದೊಂದು ಹಾಳೆಯೂ ಇಂಗಾಲದ ಒಂದೇ ಪರಮಾಣುವಿನಷ್ಟು ದಪ್ಪ. ಆ ಒಂಟಿ ಹಾಳೆಗೆ ಗ್ರಾಫೀನ್ ಅಂತ ಹೆಸರು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಟೇಪಿನಿಂದ ಗ್ರಾಫೈಟನ್ನು ಮತ್ತೆ ಮತ್ತೆ ಸುಲಿದು ಅದನ್ನು ಬೇರ್ಪಡಿಸಿ ತೋರಿಸಿದರು. 2010ರಲ್ಲಿ ನೊಬೆಲ್ ಬಂತು. ಪೆನ್ಸಿಲ್ಲು ಮತ್ತು ಟೇಪು! ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕೆ? ನಾನೂ ಬರೆದೆ.

ಆದರೆ ಟೇಪಿನಿಂದ ಸಿಗುವುದು ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕಾದ ಚೂರು. ಕಿಲೋಗಟ್ಟಲೆ ಬೇಕೆಂದರೆ ಬಹಳಷ್ಟು ಪ್ರಯೋಗಾಲಯಗಳು ಹೋಗುವುದು ಹಮ್ಮರ್ಸ್ ಮತ್ತು ಆಫ್‌ಮನ್ ಎಂಬಿಬ್ಬರು 1958ರಲ್ಲಿ ಪ್ರಕಟಿಸಿದ ವಿಧಾನಕ್ಕೆ, ಅಥವಾ ಅದರ ಮಕ್ಕಳು ಮೊಮ್ಮಕ್ಕಳಿಗೆ. ಆ ಮೂಲ ಪಾಕ ಹೀಗಿದೆ: ಗ್ರಾಫೈಟು 100 ಗ್ರಾಂ, ಸೋಡಿಯಂ ನೈಟ್ರೇಟು 50 ಗ್ರಾಂ, ಪೊಟ್ಯಾಶಿಯಂ ಪರ್ಮ್ಯಾಂಗನೇಟು 300 ಗ್ರಾಂ, ಗಾಢ ಗಂಧಕಾಮ್ಲ 2.3 ಲೀಟರ್. ಆ ಆಮ್ಲದ ತೂಕವೇ ನಾಲ್ಕು ಕಿಲೋ ಮೀರುತ್ತದೆ. ಅಂದರೆ ಒಂದು ಪಾಲು ಕಲ್ಲಿಗೆ ನಲವತ್ತು ಪಾಲು ಆಮ್ಲ, ಮೂರು ಪಾಲು ಪರ್ಮ್ಯಾಂಗನೇಟು. ಇದನ್ನೆಲ್ಲ ತಣ್ಣಗೆ ಇಟ್ಟುಕೊಂಡೇ ಬೆರೆಸಬೇಕು, ಕೈತಪ್ಪಿ ಬಿಸಿಯಾದರೆ ಅಪಾಯ. ಆಮೇಲೆ ಆಮ್ಲ ಹೋಗುವವರೆಗೂ ತೊಳೆಯಬೇಕು, ಕೊಡಗಟ್ಟಲೆ ನೀರು. ಇಷ್ಟಾದ ಮೇಲೂ ಕೈಗೆ ಬರುವುದು ಗ್ರಾಫೀನಲ್ಲ, ಗ್ರಾಫೈಟಿನ ಆಕ್ಸೈಡು. ಅದಕ್ಕೆ ಅಂಟಿದ ಆಮ್ಲಜನಕವನ್ನು ಕಳೆಯಲು ಇನ್ನೊಂದು ಸುತ್ತಿನ ರಾಸಾಯನಿಕ. ಎಷ್ಟೋ ಕಡೆ ಅದು ಹೈಡ್ರಜೀನ್, ವಿಷ.

ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಇಂಥ ಪ್ರಬಂಧದ ಮೊದಲ ಸಾಲಿನಲ್ಲಿ ‘ಗ್ರಾಫೈಟು ಅಗ್ಗದ, ಹೇರಳವಾಗಿ ಸಿಗುವ ನೈಸರ್ಗಿಕ ಖನಿಜ’ ಅಂತ ಇದ್ದರೆ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನೂರು ಗ್ರಾಂ ಗ್ರಾಫೈಟಿನ ಬೆಲೆ ನಿಜಕ್ಕೂ ಕಡಿಮೆ. ಆದರೆ ಊಟದ ಬಿಲ್ಲು ಕೇಳಿದವರಿಗೆ ಉಪ್ಪಿನ ಬೆಲೆ ಹೇಳಿದ ಹಾಗಾಯಿತು.

ಎಲ್ಲರೂ ಹೀಗೇ ಅಂತ ಅನ್ನುವುದು ಅನ್ಯಾಯ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಜೊನಾಥನ್ ಕೋಲ್‌ಮನ್ ಮತ್ತು ಜೊತೆಗಾರರು 2014ರಲ್ಲಿ, ಆಮ್ಲದ ಗೊಡವೆಯೇ ಬೇಡ ಅಂತ, ನೀರಿನಲ್ಲಿ ಗ್ರಾಫೈಟು ಹಾಕಿ, ಸೋಪಿನಂಥ ದ್ರವ ಸೇರಿಸಿ, ಜೋರಾಗಿ ತಿರುಗುವ ಬ್ಲೇಡಿಗೆ ಕೊಟ್ಟು ಹಾಳೆ ಬಿಡಿಸಿದರು. ಅಡುಗೆಮನೆಯ ಮಿಕ್ಸಿಯಂಥ ಬ್ಲೆಂಡರಿನಲ್ಲಿ, ಪಾತ್ರೆ ತೊಳೆಯುವ ದ್ರವದಲ್ಲೂ ಮಾಡಿ ತೋರಿಸಿದರು. ಇದು ಜಾಣತನ. ಅವರ ಪ್ರಬಂಧದಲ್ಲಿ ನನಗೆ ಹಿಡಿಸಿದ್ದು ಮಿಕ್ಸಿಯ ಚಮತ್ಕಾರಕ್ಕಿಂತ ಹೆಚ್ಚಾಗಿ, ಪಾತ್ರೆ ದೊಡ್ಡದಾದರೆ ಇಳುವರಿ ಹೇಗೆ ಬದಲಾಗುತ್ತದೆ ಅಂತ ಅಳೆದು ಹೇಳಿದ್ದು. ಇಲ್ಲೂ ಹಾಕಿದ ಗ್ರಾಫೈಟಿನ ಬಹುಪಾಲು ಬಿಡಿಯದೆ ತಳದಲ್ಲೇ ಉಳಿಯುತ್ತದೆ. ಉಳಿದದ್ದನ್ನು ಗಿರಗಿರ ತಿರುಗಿಸಿ ಬೇರ್ಪಡಿಸಬೇಕು. ಆದರೆ ಅದನ್ನು ಅವರು ಮುಚ್ಚಿಡಲಿಲ್ಲ.

ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಸಾಕ್ಷಿ ಇದೆ. 2018ರಲ್ಲಿ ಸಿಂಗಪುರದ ನ್ಯಾಷನಲ್ ಯೂನಿವರ್ಸಿಟಿಯವರ ತಂಡ ಜಗತ್ತಿನ 60 ಉತ್ಪಾದಕರಿಂದ ‘ಗ್ರಾಫೀನ್’ ಅಂತ ಮಾರುವ ಪುಡಿಗಳನ್ನು ತರಿಸಿ ಪರೀಕ್ಷಿಸಿತು. ಹೆಚ್ಚಿನವುಗಳಲ್ಲಿ ನಿಜವಾದ ಗ್ರಾಫೀನ್ ನೂರಕ್ಕೆ ಹತ್ತು ಪಾಲಿಗಿಂತ ಕಡಿಮೆ ಇತ್ತು. ಉಳಿದದ್ದು ನುಣ್ಣಗೆ ಪುಡಿಯಾದ ಗ್ರಾಫೈಟು, ಅಂದರೆ ಹಳೇ ಪೆನ್ಸಿಲ್ ಕಡ್ಡಿ, ಹೊಸ ಲೇಬಲ್ಲು. ಅಗ್ಗ ಅಂತ ಮುಗ್ಗಿದ ಜೋಳ ಕೊಂಡ ಹಾಗೆ. ಅದನ್ನು ಕೊಂಡು ಪ್ರಯೋಗ ಮಾಡಿ, ಫಲಿತಾಂಶ ಬರಲಿಲ್ಲ ಅಂತ ತಲೆ ಕೆಡಿಸಿಕೊಂಡ ಸಂಶೋಧನಾ ವಿದ್ಯಾರ್ಥಿಗಳು ಎಷ್ಟು ಜನವೋ!

*

ಈಗ ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ಕಾರಿನ ಮುಚ್ಚಳ ಸೋತರೆ ಕಂಪನಿಗೆ ನಷ್ಟ. ನೀರಿನ ಪುಡಿ ಸೋತರೆ, ಅಥವಾ ಬಂದೇಬಿಡುತ್ತದೆ ಅನ್ನುವ ನಂಬಿಕೆಯಲ್ಲಿ ಜನ ಕಾಯುತ್ತ ಕೂತರೆ, ನಷ್ಟ ಮಕ್ಕಳ ಹಲ್ಲಿಗೆ, ಮೂಳೆಗೆ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಪಾವಗಡದಲ್ಲಿ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕೊಳವೆಬಾವಿ ಆಳಕ್ಕಿಳಿದ ಹಾಗೆ ಈ ಗೆರೆ ದಾಟಿದ ನೀರು ಎಷ್ಟೋ ಊರುಗಳ ಪಾಲಿಗೆ ಬಂದಿದೆ.

ನಾನು ಹೊಗಳಿದ್ದ ಪುಡಿಯನ್ನು ಹೇಗೆ ಪರೀಕ್ಷಿಸಿದ್ದರು ಅಂತ ಈ ಸಲ ನಿಧಾನವಾಗಿ ಓದಿದೆ. ಬಟ್ಟಿ ಇಳಿಸಿದ ನೀರು ತಗೊಂಡು, ಅದಕ್ಕೆ ಸೋಡಿಯಂ ಫ್ಲೋರೈಡು ಬೆರೆಸಿ, ಆಮ್ಲ ಹಾಕಿ ಸ್ವಲ್ಪ ಹುಳಿ ಮಾಡಿಕೊಂಡು, ಪುಡಿ ಹಾಕಿ ಅಲುಗಾಡಿಸಿದ್ದರು. ಆದರೆ ಫ್ಲೋರೈಡು ಹೆಚ್ಚಿರುವ ಅಂತರ್ಜಲ ಸಾಮಾನ್ಯವಾಗಿ ಕ್ಷಾರೀಯ, ಬೈಕಾರ್ಬೊನೇಟು ತುಂಬಿದ ನೀರು. ಪುಡಿಯ ಮೇಲೆ ಫ್ಲೋರೈಡು ಕೂರಬೇಕಾದ ಜಾಗಕ್ಕೆ ಆ ಬೈಕಾರ್ಬೊನೇಟೂ ಟವೆಲ್ಲು ಹಾಕುತ್ತದೆ. ಇನ್ನೊಂದು ವಿಷಯ: ಪುಡಿ ಇಷ್ಟು ಹೀರುತ್ತದೆ ಅಂತ ಸಾರಾಂಶದಲ್ಲಿ ಕೊಡುವ ದೊಡ್ಡ ಅಂಕಿ ಬಹಳ ಸಲ ಬರುವುದು ಫ್ಲೋರೈಡನ್ನು ಹತ್ತಾರು ಪಟ್ಟು ಹೆಚ್ಚಿಟ್ಟು ಮಾಡಿದ ಪ್ರಯೋಗದಿಂದ. ಬಾವಿಯ ನೀರಿನ ಮಟ್ಟದಲ್ಲಿ ಅದರ ಒಂದು ಸಣ್ಣ ಪಾಲು ಕೈಗೆ ಸಿಕ್ಕರೆ ಹೆಚ್ಚು.

ಒಂದು ಸುಮಾರು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ನಾನೇ ಇಟ್ಟುಕೊಂಡವು. ಒಂದು ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ನೀರು. ಫ್ಲೋರೈಡು ಲೀಟರಿಗೆ 3 ಮಿಲಿಗ್ರಾಂನಿಂದ 1ಕ್ಕೆ ಇಳಿಯಬೇಕು. ದಿನಕ್ಕೆ ತೆಗೆಯಬೇಕಾದ್ದು 40 ಮಿಲಿಗ್ರಾಂ. ಪುಡಿ ಗ್ರಾಮಿಗೆ 2 ಮಿಲಿಗ್ರಾಂ ಹೀರುತ್ತದೆ ಅಂದುಕೊಳ್ಳಿ, ದಿನಕ್ಕೆ 20 ಗ್ರಾಂ ಪುಡಿ. ವರ್ಷಕ್ಕೆ ಒಂದು ಮನೆಗೆ ಏಳು ಕಿಲೋ ಚಿಲ್ಲರೆ. 300 ಮನೆಯ ಊರಿಗೆ ಎರಡು ಟನ್ನಿನ ಮೇಲೆ. ಹೀರಿಕೊಂಡು ಸುಸ್ತಾದ ಆ ಎರಡು ಟನ್ ಪುಡಿಯನ್ನು ಎಲ್ಲಿ ಹಾಕುವುದು? ತಿಪ್ಪೆಗೆ ಹಾಕಿದರೆ ಮುಂದಿನ ಮಳೆಗೆ ಫ್ಲೋರೈಡು ಮತ್ತೆ ನೆಲಕ್ಕೆ. ತೊಳೆದು ಮತ್ತೆ ಬಳಸುತ್ತೇವೆ ಅಂದರೆ ಕಾಸ್ಟಿಕ್ ಸೋಡಾ, ಆಮ್ಲ, ಮತ್ತು ಫ್ಲೋರೈಡು ತುಂಬಿದ ತೊಳೆದ ನೀರು. ನ್ಯಾನೊ ಪುಡಿಯನ್ನು ಹಾಗೇ ಕೊಳವೆಯಲ್ಲಿ ತುಂಬಿದರೆ ಕೆಸರು ಕಟ್ಟಿ ನೀರೇ ಇಳಿಯುವುದಿಲ್ಲ, ಇಳಿದರೆ ಪುಡಿಯೂ ಜೊತೆಗೆ ಲೋಟಕ್ಕೆ ಬರುತ್ತದೆ. ಅದಕ್ಕೆ ಉಂಡೆ ಕಟ್ಟಬೇಕು. ಉಂಡೆ ಕಟ್ಟಿದರೆ ಒಳಗಿನ ಮೇಲ್ಮೈ ಮುಚ್ಚಿಹೋಗಿ ಆ ಆರು ಸೈಟಿನಲ್ಲಿ ಎಷ್ಟೋ ಸೈಟು ಮಾಯ.

ಇವು ಯಾವುವೂ ಪರಿಹಾರ ಇಲ್ಲದ ತೊಡಕುಗಳಲ್ಲ. ನನ್ನ ತಕರಾರು ಏನೆಂದರೆ ಖರ್ಚು ಇರುವುದೇ ಇಲ್ಲಿ. ಮಣ್ಣಿನ ಬೆಲೆ ಸೊನ್ನೆ ಅಂತಲೇ ಇಟ್ಟುಕೊಂಡರೂ ಮೇಷ್ಟ್ರ ಊರಿನ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಅಂದಮೇಲೆ ‘ಅಗ್ಗದ ಮಣ್ಣು’ ಅನ್ನುವುದನ್ನು ಶೀರ್ಷಿಕೆಯಲ್ಲಿ ಕೂರಿಸುವುದು ಓದುಗನ ಕಣ್ಣನ್ನು ಬೇಡದ ಕಡೆ ತಿರುಗಿಸಿದಂತೆ.

ಲೆಕ್ಕ ಮಾಡಿದವರೂ ಇದ್ದಾರೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ವಿಕಿ ಕಾಲ್ವಿನ್ ಅವರ ತಂಡ 2006ರಲ್ಲಿ ಸುಮಾರು 12 ನ್ಯಾನೊಮೀಟರ್ ಗಾತ್ರದ ಮ್ಯಾಗ್ನೆಟೈಟ್ ಕಣಗಳು ನೀರಿನ ಆರ್ಸೆನಿಕ್ಕನ್ನು ಹಿಡಿದುಕೊಳ್ಳುತ್ತವೆ, ಆಮೇಲೆ ಸಾಧಾರಣ ಆಯಸ್ಕಾಂತದಿಂದಲೇ ಅವನ್ನು ನೀರಿನಿಂದ ಎಳೆದು ತೆಗೆಯಬಹುದು ಅಂತ ತೋರಿಸಿತು. ಆದರೆ ಆ ಕಣ ಮಾಡಲು ಬಳಸಿದ ರಾಸಾಯನಿಕಗಳ ಬೆಲೆ ಬಡ ಊರಿಗೆ ಎಟುಕುವಂಥದ್ದಲ್ಲ. ಕೆಲವು ವರ್ಷದ ಮೇಲೆ ಅದೇ ತಂಡ ಆ ಬೆಲೆಯನ್ನು ಎದುರಿಗಿಟ್ಟುಕೊಂಡು, ಕಬ್ಬಿಣದ ತುಕ್ಕು ಮತ್ತು ಅಡುಗೆ ಎಣ್ಣೆಯಿಂದ ಮ್ಯಾಗ್ನೆಟೈಟ್ ಮಾಡುವ ದಾರಿ ಹುಡುಕಿತು. ಅದು ಊರೂರಿಗೆ ತಲುಪಿತು ಅಂತ ನಾನು ಹೇಳುತ್ತಿಲ್ಲ. ದುಬಾರಿ ಆಯಿತು ಅಂತ ಒಪ್ಪಿಕೊಂಡು, ಎಲ್ಲಿ ದುಬಾರಿ ಅಂತ ಬೆರಳಿಟ್ಟು ತೋರಿಸಿ, ಅಲ್ಲಿ ಕೈ ಹಾಕಿದರಲ್ಲ, ಅದು ಸರಿಯಾದ ಕ್ರಮ. ‘ಅಗ್ಗ’ ಅನ್ನುವ ಮಾತು ಅಲ್ಲಿ ದುಡಿದು ಸಂಪಾದಿಸಿದ್ದು.

*

‘ನೈಸರ್ಗಿಕ’ ಅನ್ನುವ ಇನ್ನೊಂದು ಮಾತಿದೆಯಲ್ಲ, ಅದಕ್ಕೂ ಎರಡು ಮಾತು ಸಲ್ಲಬೇಕು. ಪಾವಗಡದ ನೀರಿನ ಫ್ಲೋರೈಡು ಯಾವ ಕಾರ್ಖಾನೆಯಿಂದಲೂ ಬಂದದ್ದಲ್ಲ, ನೆಲದೊಳಗಿನ ಕಲ್ಲಿನ ಖನಿಜದಿಂದ ಕರಗಿ ಬಂದದ್ದು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನರ ಚರ್ಮದ ಮೇಲೆ ಕಲೆ ಎಬ್ಬಿಸಿದ ಆರ್ಸೆನಿಕ್ಕಿನ ಮೂಲವೂ ಆ ಹಳೇ ಚಿನ್ನದ ಗಣಿ ಸೀಮೆಯ ಕಲ್ಲೇ. ನೈಸರ್ಗಿಕ ಅಂದರೆ ನಿರಪಾಯ ಅನ್ನುವುದಾದರೆ ಇವರಿಗೆ ಪುಡಿಯೇ ಬೇಕಿರಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ ನಮ್ಮ ಸೂರಿನ ಮೇಲೇ ಇದೆ. ಹ್ಯಾಲೊಸೈಟ್ ಅಂತ ಒಂದು ಜೇಡಿ. ಅದರ ಹಾಳೆ ಚಾಪೆಯ ಹಾಗೆ ತಾನೇ ಸುತ್ತಿಕೊಂಡು ನ್ಯಾನೊ ಕೊಳವೆಯಾಗಿರುತ್ತದೆ. ಹೊರಗಿನ ವ್ಯಾಸ ಸುಮಾರು 50 ನ್ಯಾನೊಮೀಟರ್, ಒಳಗಿನ ತೂತು ಸುಮಾರು 15. ಆ ತೂತಿನಲ್ಲಿ ಔಷಧಿ ತುಂಬಿ ನಿಧಾನವಾಗಿ ಬಿಡಿಸುವ ಬಗ್ಗೆ ಸಾಕಷ್ಟು ಕೆಲಸ ನಡೆದಿದೆ. ಇದೇ ರೀತಿ ಹಾಳೆ ಸುತ್ತಿಕೊಂಡು ಕೊಳವೆಯಾದ ಇನ್ನೊಂದು ಖನಿಜದ ಹೆಸರು ಕ್ರೈಸೊಟೈಲ್. ನಾರಿನ ವ್ಯಾಸ ಇಪ್ಪತ್ತು ಮೂವತ್ತು ನ್ಯಾನೊಮೀಟರ್. ನಿಮಗೆ ಅದು ಬೇರೆ ಹೆಸರಿನಲ್ಲಿ ಗೊತ್ತು: ಆಸ್‌ಬೆಸ್ಟಾಸ್. ಒಂದು ಕಾಲಕ್ಕೆ ಅದಕ್ಕೂ ಇದೇ ಬಿರುದುಗಳಿದ್ದವು. ಅಗ್ಗ, ಹೇರಳ, ನೈಸರ್ಗಿಕ, ಬೆಂಕಿಗೂ ಜಗ್ಗದ ಪವಾಡ. ಅದರ ನಾರು ಉಸಿರಿನಲ್ಲಿ ಸೇರಿ, ಹತ್ತಾರು ವರ್ಷ ಪುಪ್ಪುಸದಲ್ಲಿ ಕೂತು, ಕ್ಯಾನ್ಸರ್ ತರುತ್ತದೆ ಅಂತ ಒಪ್ಪಿಕೊಳ್ಳುವ ಹೊತ್ತಿಗೆ ಗಣಿಯಲ್ಲಿ, ಕಾರ್ಖಾನೆಯಲ್ಲಿ ಒಂದು ತಲೆಮಾರು ಕೆಮ್ಮಿ ಮುಗಿಸಿತ್ತು. ಐವತ್ತಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ನಮ್ಮಲ್ಲಿ ಶೀಟು ಈಗಲೂ ಮಾರಾಟಕ್ಕಿದೆ, ಅಗ್ಗ ಅಂತಲೇ.

ಹ್ಯಾಲೊಸೈಟ್ ಆಸ್‌ಬೆಸ್ಟಾಸ್ ಅಲ್ಲ. ಅದರ ಕೊಳವೆ ಗಿಡ್ಡ, ಆ ಉದ್ದ ನಾರಿನ ಸ್ವಭಾವ ಅದಕ್ಕಿಲ್ಲ. ಹೆದರಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ಆದರೆ ಖನಿಜವನ್ನು ನುಣ್ಣಗೆ ಅರೆದು ನ್ಯಾನೊ ಮಾಡುತ್ತೇವೆ ಅನ್ನುವ ಬರಹದಲ್ಲಿ, ಅರೆಯುವವನ ಮೂಗಿನ ಬಗ್ಗೆ ಒಂದು ಸಾಲಾದರೂ ಇರಬೇಕಲ್ಲವೇ? ನಾನು ತೆಗೆದು ನೋಡಿದ ಕಂತೆಯಲ್ಲಿ ಆ ಸಾಲು ಅಪರೂಪ. ನನ್ನ ಬರಹದಲ್ಲಂತೂ ಇರಲೇ ಇಲ್ಲ.

*

ಯಾಕೆ ಹೀಗಾಗುತ್ತದೆ? ಸಂಶೋಧಕರು ಮೋಸಗಾರರು ಅಂತ ನನಗನ್ನಿಸುವುದಿಲ್ಲ. ಪ್ರಬಂಧ ಒಪ್ಪಿತವಾಗಬೇಕಾದರೆ ‘ಇದರಿಂದ ಏನು ಉಪಯೋಗ’ ಅನ್ನುವುದಕ್ಕೊಂದು ಉತ್ತರ ಬೇಕು. ‘ಈ ಜೇಡಿಯ ಹಾಳೆ ಹೀಗೆ ಬಿಡಿಯುತ್ತದೆ, ಯಾಕೆ ಅಂತ ನಮಗೆ ಕುತೂಹಲ’ ಅಂದರೆ ಸಾಲುವುದಿಲ್ಲ. ಬಡವರಿಗೆ ನೀರು ಅಂದರೆ ಸಾಲುತ್ತದೆ. ಹೀಗೆ ಬಡವರು ಪೀಠಿಕೆಯಲ್ಲಿ ಬಂದು, ಮುಕ್ತಾಯದಲ್ಲಿ ಇನ್ನೊಮ್ಮೆ ಮುಖ ತೋರಿಸಿ ಹೋಗುತ್ತಾರೆ. ನಡುವಿನ ಹತ್ತು ಪುಟದಲ್ಲಿ ಅವರ ಬಾವಿಯ ನೀರು ಒಂದು ಲೋಟವೂ ಇರುವುದಿಲ್ಲ. ಕನ್ನಡದಲ್ಲಿ ಬರೆಯುವ ನಾವು ಆ ಪೀಠಿಕೆ, ಮುಕ್ತಾಯ ಎರಡನ್ನೇ ಓದಿ, ನಡುವಿನದನ್ನು ಬಿಟ್ಟು, ಸುದ್ದಿ ಮಾಡುತ್ತೇವೆ. ವಿಜ್ಞಾನ ಬರಹ ಅಂದರೆ ಶುಭ ಸಮಾಚಾರ ಅನ್ನುವ ಅಭ್ಯಾಸ ನಮಗೆ ಅಂಟಿಬಿಟ್ಟಿದೆ.

ಹಾಗಾಗಿ ಇನ್ನು ಮುಂದೆ ‘ಅಗ್ಗ’ ಅಂತ ಬರೆಯುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು ಅಂತ ಮಾಡಿದ್ದೇನೆ. ಒಂದು, ಯಾವುದು ಅಗ್ಗ? ಕಲ್ಲೋ, ಕಲ್ಲಿನಿಂದ ಮಾಡಿದ ಪುಡಿಯೋ, ಪುಡಿಯಿಂದ ಶುದ್ಧವಾದ ಒಂದು ಕೊಡ ನೀರೋ? ಎರಡು, ಒಂದು ಕಿಲೋ ಪುಡಿಗೆ ಎಷ್ಟು ಕಿಲೋ ಆಮ್ಲ, ಎಷ್ಟು ಲೀಟರ್ ನೀರು, ಎಷ್ಟು ಹೊತ್ತಿನ ಕುಲುಮೆ? ಮೂರು, ಕೆಲಸ ಮುಗಿದ ಮೇಲೆ ಉಳಿಯುವುದನ್ನು ಯಾರ ಹಿತ್ತಲಿಗೆ ಹಾಕುತ್ತಾರೆ? ನಾಲ್ಕು, ಈಗಿರುವುದಕ್ಕಿಂತ ಅಗ್ಗವೋ? ಐದು ರೂಪಾಯಿಯ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ನೀರಿನ ಘಟಕಕ್ಕಿಂತ, ನಲ್ಗೊಂಡ ವಿಧಾನದ ಪಟಿಕ ಸುಣ್ಣಕ್ಕಿಂತ, ಸೂರಿನಿಂದ ಇಳಿದ ಮಳೆನೀರಿಗಿಂತ? ಈ ನಾಲ್ಕಕ್ಕೂ ಉತ್ತರ ಇಲ್ಲದಿದ್ದರೆ ಪ್ರಬಂಧ ಕೆಟ್ಟದ್ದು ಅಂತಲ್ಲ. ಅದು ಜೇಡಿಯ ಬಗೆಗಿನ ಒಳ್ಳೆಯ ಕೆಲಸವೇ ಇರಬಹುದು, ಹಾಗಂತಲೇ ಬರೆಯೋಣ. ಬಡವರ ಹೆಸರು ಎತ್ತುವುದು ಬೇಡ.

ನಿನ್ನೆ ಮೇಷ್ಟ್ರಿಗೆ ಫೋನು ಮಾಡಿದೆ. ಪುಡಿ ಇಲ್ಲ, ಸದ್ಯಕ್ಕೆ ಬರುವ ಸೂಚನೆಯೂ ಇಲ್ಲ, ಅಗ್ಗ ಅಂತ ನಾನು ಬರೆದದ್ದು ಲೆಕ್ಕ ಮಾಡದೆ ಬರೆದದ್ದು ಅಂತ ಹೇಳಿದೆ. ಮಳೆನೀರಿನಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಿಮೆ, ಶಾಲೆಯ ಸೂರಿನ ನೀರನ್ನು ಹಿಡಿದು, ಸೋಸಿ, ತೊಟ್ಟಿ ಮುಚ್ಚಿಟ್ಟರೆ ಮಕ್ಕಳಿಗೆ ಕುಡಿಯಲು ಕೆಲವು ತಿಂಗಳಾದರೂ ಆದೀತು ಅಂದೆ.

“ಅದು ಗೊತ್ತು ಸಾರ್. ತೊಟ್ಟಿ ಕಟ್ಸಿದ್ದೀವಿ. ಮಳೇನೇ ಸಾಲ್ದು. ಅದಕ್ಕೇ ಪುಡಿ ಕೇಳಿದ್ದು” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಲೆಕ್ಕ ಮಾಡ್ದೆ ಬರೆದೆ ಅಂದ್ರಲ್ಲ, ಅದನ್ನೂ ಬರೀರಿ. ಆವತ್ತು ಓದಿದವ್ರು ಇದನ್ನೂ ಓದ್ಲಿ” ಅಂದರು.

ಬರೆದಿದ್ದೇನೆ ಮೇಷ್ಟ್ರೇ.